ಶುಶ್ರೂಷೆ: ಕೇಳುವ ಇಚ್ಛೆ

ರೋಗಿಯ ಆರೈಕೆಯನ್ನು ಹೇಳಲು ಕನ್ನಡದಲ್ಲಿ ಬಳಕೆಯಾಗುವ ‘ಶುಶ್ರೂಷೆ’ ಸಂಸ್ಕೃತ ಮೂಲದ ಪದ. ಕೇಳು ಎಂಬರ್ಥದ ‘ಶ್ರು’ ಧಾತುವಿನ ಸನ್ನಂತ ರೂಪವದು. ತಿಳಿಯುವ ಇಚ್ಛೆ ‘ಜಿಜ್ಞಾಸೆ’ಯಾದಂತೆ, ಕುಡಿಯುವ ಇಚ್ಛೆ ‘ಪಿಪಾಸೆ’ಯಾದಂತೆ, ಕೇಳುವ ಇಚ್ಛೆಯೇ ‘ಶುಶ್ರೂಷೆ’. ವಿಧೇಯತೆ, ಸೇವೆ, ಉಪಚಾರ ಎಂಬ ಅರ್ಥಗಳೂ ಅದಕ್ಕೆ ಸೇರಿಕೊಂಡವು. ಇಂದಿನ ಬಳಕೆಯಲ್ಲಿ ಮೂಲಾರ್ಥ ಮರೆಯಾಗಿದೆ. ಆಸ್ಪತ್ರೆಯಲ್ಲಿ ಬಾಳಸಂಗಾತಿಯ ಹಾಸಿಗೆಯ ಪಕ್ಕ ಕುಳಿತವರಿಗೆ ಆ ಮೂಲಾರ್ಥವೇ ಮತ್ತೆ ಎದುರಾಗುವುದುಂಟು.

ಚರಕಸಂಹಿತೆಯ ಸೂತ್ರಸ್ಥಾನವು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಉಪಚಾರಕ, ರೋಗಿ. ಉಪಚಾರಕನಿಗೆ ಇರಬೇಕಾದ ಗುಣಗಳೂ ನಾಲ್ಕು: ಉಪಚಾರದ ತಿಳಿವಳಿಕೆ, ದಕ್ಷತೆ, ಅನುರಾಗ, ಶುಚಿತ್ವ. ಅನುರಾಗ ಯಾರಲ್ಲಿರಬೇಕು ಎಂಬಲ್ಲಿ ಗ್ರಂಥ ಬಳಸುವ ಪದ ‘ಭರ್ತೃ’. ಒಡೆಯನೆಂಬುದು ಅಲ್ಲಿಯ ಅರ್ಥ. ಗಂಡನೆಂಬ ಅರ್ಥವೂ ಅದಕ್ಕಿದೆ. ಭರ್ತೃವೇ ಉಪಚಾರಕನಾಗಿ ನಿಲ್ಲಬೇಕಾದಾಗ ಈ ನಾಲ್ಕು ಗುಣಗಳು ಹೇಗೆ ಒದಗುತ್ತವೆ?

ಮೈಸೂರಿನ ನಿವೃತ್ತ ಕನ್ನಡ ಉಪಾಧ್ಯಾಯರೊಬ್ಬರಿಗೆ ಅಂಥ ಸಂದರ್ಭ ಬಂದಿತು. 71 ವರ್ಷದ ಪತ್ನಿ ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟದ ಬಳಿ ತೊಡೆಯ ಮೂಳೆ ಮುರಿದಿತ್ತು. ವಯಸ್ಸಾದವರಲ್ಲಿ ಈ ಶಸ್ತ್ರಚಿಕಿತ್ಸೆ ತಡವಾದಷ್ಟೂ ಅಪಾಯ ಹೆಚ್ಚು. ಮಲಗಿದಲ್ಲೇ ಮಲಗಿದರೆ ಶ್ವಾಸಕೋಶದ ಸೋಂಕು, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಬೆನ್ನಿನ ಹುಣ್ಣು. ಮರುದಿನವೇ ಶಸ್ತ್ರಚಿಕಿತ್ಸೆ ನಿಗದಿಯಾಯಿತು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವರ ಕೈಗೆ ಪ್ಲಾಸ್ಟಿಕ್ ಚೀಲವೊಂದು ಬಂತು: ತಾಳಿ, ಬಳೆ, ಕನ್ನಡಕ, ಶ್ರವಣಸಾಧನ. ‘ಪೇಷೆಂಟ್ ಕಡೆಯವರು ಯಾರು?’ ಎಂಬ ಕೂಗಿಗೆ ಎದ್ದು ನಿಲ್ಲುವುದಷ್ಟೇ ಮುಂದಿನ ಮೂರು ಗಂಟೆಗಳ ಕೆಲಸವಾಯಿತು.

ಶಸ್ತ್ರಚಿಕಿತ್ಸೆ ಸಫಲವಾಯಿತು. ಮರುದಿನ ವಾಕರ್ ಹಿಡಿಸಿ ಎರಡು ನಿಮಿಷ ನಿಲ್ಲಿಸಿದರು. ಆ ಸಂಜೆಯಿಂದ ಆಕೆ ಸುಮ್ಮನೆ ಮಲಗಿಬಿಟ್ಟರು. ರಕ್ತದೊತ್ತಡ, ನಾಡಿ ಸರಿಯಿದ್ದವು. ಸುಸ್ತಾಗಿದೆ, ಮಲಗಲಿ ಎಂದರು ನರ್ಸ್. ಪತಿಗೆ ಆ ಮೌನ ಪರಿಚಿತವೆನಿಸಲಿಲ್ಲ. 50 ವರ್ಷ ‘ರೀ’ ಎಂದೇ ಮಾತು ತೆಗೆದವರು, ಚಮಚದಲ್ಲಿ ನೀರು ಕುಡಿಸುವಾಗ ‘ಮೇಷ್ಟ್ರೇ, ನಮ್ಮಪ್ಪ ಬಂದ್ರಾ?’ ಎಂದು ಕೇಳಿದರು. ತಂದೆ ತೀರಿಕೊಂಡು 30 ವರ್ಷವಾಗಿತ್ತು.

ಅವರು ಆ ಮಾತನ್ನು ಇದ್ದಂತೆಯೇ ವೈದ್ಯರಿಗೆ ಒಪ್ಪಿಸಿದರು. ವೈದ್ಯರು ಅದನ್ನು ಸನ್ನಿಯೆಂದು ಗುರುತಿಸಿದರು. ಕೂಗಾಡುವ ಸನ್ನಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಮೌನದ ಸನ್ನಿ ನಿದ್ದೆಯಂತೆಯೇ ತೋರುತ್ತದೆ. ನೋವು, ಔಷಧಗಳು, ನೀರಿನ ಕೊರತೆ, ಮಲಬದ್ಧತೆ, ಮೂತ್ರದ ಸೋಂಕು ಹೀಗೆ ಕಾರಣಗಳು ಹಲವು; ಅವನ್ನು ಹುಡುಕುವುದು ವೈದ್ಯರ ಕೆಲಸ. ಮನೆಯವರಿಗೂ ಕೆಲಸವಿತ್ತು: ಹಗಲು ಬೆಳಕು, ರಾತ್ರಿ ನಿದ್ದೆ, ದಿನ ಯಾವುದು, ಇರುವುದೆಲ್ಲಿ ಎಂದು ಮೆಲ್ಲಗೆ ತಿಳಿಸುವುದು, ವಾದಕ್ಕಿಳಿಯದಿರುವುದು. ಮೊದಲಿಗೆ ಚೀಲದಲ್ಲೇ ಉಳಿದಿದ್ದ ಕನ್ನಡಕವನ್ನೂ ಶ್ರವಣಸಾಧನವನ್ನೂ ಮರಳಿ ತೊಡಿಸುವುದು.

ಜೀವಮಾನವಿಡೀ ಪದಗಳ ಅರ್ಥ ಬಿಡಿಸಿ ಹೇಳಿದ ಉಪಾಧ್ಯಾಯರು ಎರಡು ದಿನ ಏನನ್ನೂ ತಿದ್ದದೆ ಕೇಳಿದರು. ಏಳನೆಯ ತರಗತಿ ಮುಗಿದ ಬಳಿಕ ಹಾಸನದ ಹೈಸ್ಕೂಲಿಗೆ ಸೇರಿಸಲು ಅಪ್ಪ ಬರುತ್ತೇನೆಂದಿದ್ದರಂತೆ. ಹುಡುಗಿ ಶಾಲೆಯ ಜಗಲಿಯಲ್ಲಿ ಸಂಜೆಯವರೆಗೆ ಕಾದಿದ್ದಳಂತೆ. ನೂರಾರು ಹೆಣ್ಣುಮಕ್ಕಳಿಗೆ ಪಾಠ ಹೇಳಿದವರ ಮನೆಯಲ್ಲಿ ಈ ಸಂಗತಿ 50 ವರ್ಷ ಯಾರ ಕಿವಿಗೂ ಬಿದ್ದಿರಲಿಲ್ಲ.

ನಾಲ್ಕನೆಯ ಬೆಳಿಗ್ಗೆ ‘ರೀ, ಮನೇಲಿ ತುಳಸಿಗೆ ನೀರು ಹಾಕಿದ್ರಾ?’ ಎಂಬ ಪ್ರಶ್ನೆ ಬಂತು. ಸನ್ನಿ ಇಳಿದಿತ್ತು. ಆಡಿದ ಮಾತೊಂದೂ ಆಕೆಗೆ ನೆನಪಿರಲಿಲ್ಲ. ಅದನ್ನು ಮತ್ತೆ ಕೇಳಬೇಕೇ, ತಾನಾಗಿ ಹೇಳುವವರೆಗೆ ಕಾಯಬೇಕೇ ಎಂಬುದು ಮನೆಗೆ ಮರಳಿದ ಮೇಲೂ ಪತಿಗೆ ಬಗೆಹರಿಯಲಿಲ್ಲ.

ಚರಕ ಹೇಳುವ ಗುಣಗಳಲ್ಲಿ ತಿಳಿವಳಿಕೆ, ದಕ್ಷತೆ, ಶುಚಿತ್ವಗಳು ಅಭ್ಯಾಸದಿಂದ ಬರುವಂಥವು. ದಾದಿಯರಲ್ಲಿ ಅವು ಧಾರಾಳವಾಗಿರುತ್ತವೆ. ಧ್ವನಿ ಬದಲಾದುದನ್ನು ಗುರುತಿಸಲು ಮೊದಲಿನ ಧ್ವನಿಯ ಪರಿಚಯ ಬೇಕು. ಗ್ರಂಥವು ಅನುರಾಗವನ್ನು ಭಾವನೆಗಳ ಸಾಲಿಗೆ ಬಿಡದೆ ದಕ್ಷತೆಯ ಪಕ್ಕದಲ್ಲೇ, ಚಿಕಿತ್ಸೆಯ ಅಂಗವಾಗಿ ಇರಿಸಿರುವುದರ ಔಚಿತ್ಯ ಇಲ್ಲಿ ಕಾಣುತ್ತದೆ.