ಹಿತ್ತಿಲ ಹೊಂಡದ ನೆರೆಹೊರೆ

ಹಾವೇರಿ ಜಿಲ್ಲೆಯ ಹಾನಗಲ್ಲ ತಾಲೂಕು ಅರೆಮಲೆನಾಡಿನ ಸೀಮೆ. ಪಡುವಣಕ್ಕೆ ಕಾಡು, ಮೂಡಣಕ್ಕೆ ಬಯಲು. ಇವೆರಡರ ನಡುವೆ ಭತ್ತದ ಗದ್ದೆ, ಮಾವಿನ ತೋಟ, ಹಳೆಯ ಕೆರೆಕಟ್ಟೆಗಳು. ಅಲ್ಲಿಯ ಒಂದು ಹಳ್ಳಿಯಲ್ಲಿ ನಮ್ಮ ಹಿರಿಯರ ಮನೆಯಿದೆ. ಅದರ ಹಿತ್ತಿಲಲ್ಲಿ, ಎಮ್ಮೆಗಳ ಮೈ ತೊಳೆಯಲೆಂದು ನಮ್ಮ ಅಜ್ಜ ತೋಡಿಸಿದ ಮಣ್ಣಿನ ಹೊಂಡವೊಂದಿದೆ. ಬಾಲ್ಯದಲ್ಲಿಯೇ ಮಠದ ಪಾಠಶಾಲೆಯನ್ನು ಸೇರಿದ ನನಗೆ ಅದರ ಪರಿಚಯ ರಜೆಯ ದಿನಗಳದು ಮಾತ್ರ. ವೃತ್ತಿಯಿಂದ ಬಿಡುವು ದೊರೆತ ಮೇಲೆ ವರ್ಷಕ್ಕೆರಡು ತಿಂಗಳು ಅದರ ದಂಡೆಯಲ್ಲಿ ಕುಳಿತು ನೋಡುವ ಭಾಗ್ಯ ಒದಗಿದೆ.

ಬೆಳಗಿನಲ್ಲಿ ಮೊದಲು ಬರುವುದು ಮಿಂಚುಳ್ಳಿ. ಬಾಗಿದ ಕೊಂಬೆಯಿಂದ ನೀರಿಗೆ ನೆಗೆದು ಮೀನನ್ನು ಹಿಡಿದು ತಂದು, ಕೊಂಬೆಗೆ ಬಡಿದು ನುಂಗುತ್ತದೆ. ಕೊಳದ ಬಕ ದಂಡೆಯ ಮಣ್ಣಿನ ಬಣ್ಣದಲ್ಲಿಯೇ ಅಡಗಿ ನಿಂತಿರುತ್ತದೆ. ಹಾರಿದಾಗಲಷ್ಟೇ ಅದರ ರೆಕ್ಕೆ ಬೆಳ್ಳಗೆಂಬುದು ತಿಳಿಯುತ್ತದೆ. ಮಳೆಗಾಲದಲ್ಲಿ ಗುಳುಮುಳುಕ ಹಕ್ಕಿ ಜೊಂಡಿನ ನಡುವೆ ತೇಲುವ ಗೂಡು ಕಟ್ಟುತ್ತದೆ. ಗೂಡು ಬಿಟ್ಟು ಹೋಗುವಾಗ ಮೊಟ್ಟೆಗಳ ಮೇಲೆ ಪಾಚಿಯನ್ನು ಹೊದಿಸುವ, ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಈಜುವ ಅದರ ವಾತ್ಸಲ್ಯವನ್ನು ತಾಯಂದಿರು ಮಕ್ಕಳಿಗೆ ತೋರಿಸಬೇಕು.

ಮಧ್ಯಾಹ್ನ ಎಮ್ಮೆಗಳ ಸರದಿ. ಆಕಳಿಗಿಂತ ಎಮ್ಮೆಯ ಚರ್ಮದಲ್ಲಿ ಬೆವರಿನ ಗ್ರಂಥಿಗಳು ಕಡಿಮೆ. ಆದುದರಿಂದ ನೀರು, ಕೆಸರು ಅದಕ್ಕೆ ವಿಲಾಸವಲ್ಲ, ಅವಶ್ಯಕತೆ. ಅವು ಎದ್ದು ಮೇಯತೊಡಗಿದರೆ ಕಾಲ್ತುಳಿತಕ್ಕೆ ಏಳುವ ಹುಳುಗಳನ್ನು ಹೆಕ್ಕಲು ಬೆಳ್ಳಕ್ಕಿಗಳು ಹಿಂಬಾಲಿಸುತ್ತವೆ. ದಂಡೆಯ ಹರಳುಗಳ ನಡುವೆ ಟಿಟ್ಟಿಭ ಮೊಟ್ಟೆಯಿಟ್ಟಿರುತ್ತದೆ. ಮೊಟ್ಟೆ ಯಾವುದು, ಕಲ್ಲು ಯಾವುದು ಎಂದು ಕಣ್ಣು ಸೋಲುತ್ತದೆ. ಬಿಸಿಲೇರಿದಾಗ ಎದೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಅದು ಮೊಟ್ಟೆಗಳನ್ನು ತಂಪಾಗಿಸುತ್ತದೆ. ನಮ್ಮ ನಾಯಿ ಕರಿಯ ಅತ್ತ ಹೋದರೆ ಅದರ ಕೂಗಿಗೆ ಬೆದರಿ ಬಾಲ ಮುದುರಿ ಮರಳುತ್ತದೆ.

ಸರಕಾರವು ೨೦೧೪ರಲ್ಲಿ ಕೃಷಿಭಾಗ್ಯ ಯೋಜನೆಯನ್ನು ಆರಂಭಿಸಿದ ಮೇಲೆ ನಾಡಿನ ಹೊಲಗಳಲ್ಲಿ ಕೃಷಿಹೊಂಡಗಳು ಹೆಚ್ಚಿದವು. ಮಳೆ ಕೈಕೊಟ್ಟಾಗ ಬೆಳೆಗೆ ಒಂದೆರಡು ನೀರು ಉಣಿಸಲು ಅವು ನೆರವಾದುದು ನಿಜ. ನನ್ನ ತಮ್ಮನ ಮಗನೂ ಸ್ವಂತ ಖರ್ಚಿನಿಂದ ಒಂದನ್ನು ತೋಡಿಸಿ, ನೀರು ಇಂಗದಂತೆ ಪ್ಲಾಸ್ಟಿಕ್ ಹಾಳೆ ಹಾಸಿದ. ಬಳಿಕ, “ದೊಡ್ಡಪ್ಪಾ, ಹಿತ್ತಿಲ ಹೊಂಡಕ್ಕೂ ಹಾಳಿ ಹಾಸಿಬಿಡೂಣ್ರಿ” ಎಂದ. ಆಗಲಿ ಎಂದವನು ನಾನೇ.

ವಾರ ಕಳೆದಿರಲಿಲ್ಲ. ಬೆಳಗಿನಲ್ಲಿ ಕರಿಯನ ಆರ್ತನಾದ ಕೇಳಿಸಿತು. ನೀರು ಕುಡಿಯಲು ಹೋಗಿ ಹೊಸ ಹೊಂಡದಲ್ಲಿ ಜಾರಿಬಿದ್ದಿತ್ತು. ಈಜು ಬಲ್ಲ ಪ್ರಾಣಿ. ಆದರೆ ಕಡಿದಾದ ಹಾಳೆಯ ಮೇಲೆ ಉಗುರು ನಿಲ್ಲದೆ ಸುತ್ತು ಹಾಕುತ್ತಲೇ ಇತ್ತು. ನಾವು ತಲುಪುವ ಮೊದಲೇ ಏಳು ವರ್ಷದ ಮೊಮ್ಮಗಳು ಅಂಚಿನಲ್ಲಿ ಬಾಗಿ ಅದಕ್ಕೆ ಕೈ ಚಾಚಿದ್ದಳು! ಅವಳ ತಂದೆ ಅವಳನ್ನು ಹಿಂದಕ್ಕೆಳೆದುಕೊಂಡ. ಆಳುಮಗ ಹಗ್ಗ ಕಟ್ಟಿಕೊಂಡು ಇಳಿದು ನಾಯಿಯನ್ನು ಎತ್ತಿದ. ಇನ್ನೊಂದು ಮೂಲೆಯಲ್ಲಿ ಸತ್ತ ಮುಂಗುಸಿಯೊಂದು ತೇಲುತ್ತಿತ್ತು.

ಅಂದೇ ಹೊಸ ಹೊಂಡದ ಸುತ್ತ ತಂತಿಬೇಲಿ ಎದ್ದಿತು. ಬೇಲಿ ನುಸುಳಿದ ಸಣ್ಣ ಜೀವಗಳು ಹತ್ತಿ ಬರಲೆಂದು ನಾಲ್ಕೂ ಬದಿಗೆ ತೆಂಗಿನನಾರಿನ ಗಂಟುಹಗ್ಗಗಳನ್ನು ಇಳಿಬಿಟ್ಟೆವು. ಹಿತ್ತಿಲ ಹೊಂಡಕ್ಕೆ ಹಾಳೆ ಹಾಸುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಆ ಮೇಲೆ ನಾನು ಹಳೆಯ ಹೊಂಡದ ದಂಡೆಯನ್ನು ಹೊಸ ಕಣ್ಣಿನಿಂದ ನೋಡಿದೆ. ಅಜ್ಜ ಅದನ್ನು ಒಂದು ಕಡೆ ಇಳಿಜಾರಾಗಿ ತೋಡಿಸಿದ್ದು ಎಮ್ಮೆಗಳಿಗಾಗಿ. ಆದರೆ ಆ ಇಳಿಜಾರಿನಲ್ಲಿಯೇ ಕಪ್ಪೆ, ನೀರುಹಾವು, ಬೆಕ್ಕು, ಮುಂಗುಸಿಗಳಿಗೂ ದಾರಿಯಾಗಿತ್ತು. ಏರೋಪ್ಲೇನ್ ಚಿಟ್ಟೆಯ ಮರಿಗಳು ನೀರಿನಲ್ಲಿದ್ದು ಸೊಳ್ಳೆಯ ಮರಿಗಳನ್ನು ತಿನ್ನುತ್ತವೆ. ಇಂಗುವ ನೀರೂ ವ್ಯರ್ಥವಲ್ಲ, ಅದು ನೆಲದೊಳಗಿನ ಜಲಕ್ಕೆ ಸೇರುತ್ತದೆ.

ಕೃಷಿಹೊಂಡ ಬೇಡವೆಂದು ನಾನು ಹೇಳಲಾರೆ. ಅದನ್ನು ತೋಡಿಸುವ ಮನೆಯವರು ಬೇಲಿಯನ್ನೂ ಹಗ್ಗವನ್ನೂ ಅಂದೇ ಹಾಕಿಸಲಿ. ಹಿರಿಯರ ಮಣ್ಣಿನ ಹೊಂಡವಿದ್ದರೆ ಅದನ್ನು ಹಾಗೆಯೇ ಉಳಿಸಲಿ. ಇದಿಷ್ಟೇ ನನ್ನ ಅರಿಕೆ. ಕರಿಯ ಈಗ ಹಳೆಯ ಹೊಂಡದಲ್ಲಿಯೇ ನೀರು ಕುಡಿಯುತ್ತದೆ. ಟಿಟ್ಟಿಭದ ಬೈಗುಳವನ್ನೂ ಕೇಳಿಸಿಕೊಳ್ಳುತ್ತದೆ.