ಹಗಲಿನ ತಂಪು ರಾತ್ರಿಗೆ

ಬೇಸಿಗೆಯಲ್ಲಿ ನಮ್ಮ ತೇರದಾಳಕ್ಕೆ ಬನ್ನಿ ಅಂತ ಯಾರನ್ನೂ ಕರೆಯುವ ಧೈರ್ಯ ನನಗಿಲ್ಲ. ಆದರೂ ಬರುವುದಾದರೆ ಜಮಖಂಡಿಯಿಂದ ಬನಹಟ್ಟಿ, ರಬಕವಿ ದಾಟಿ ಬರುವ ಬಸ್ಸು ಹಿಡಿಯಿರಿ. ದಾರಿಯುದ್ದಕ್ಕೂ ಕಬ್ಬು, ಊರೊಳಗೆ ಮಗ್ಗದ ಸಪ್ಪಳ. ಹಿಂದೆ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದ ಊರಿದು. ಪ್ರಭುದೇವರ ಗುಡಿಗೆ ಕೈಮುಗಿದು, ಹಾಗೇ ನೇಮಿನಾಥ ಬಸದಿಗೂ ಹೋಗಿ ಬನ್ನಿ. ಮಾಂಡಲಿಕ ಗೊಂಕ 12ನೇ ಶತಮಾನದಲ್ಲಿ ಕಟ್ಟಿಸಿದ್ದು. ಹೊರಗೆ ಅಂಗಾಲು ಸುಡುವ ಬಿಸಿಲು. ಒಳಗೆ ಹೋದರೆ ಹಾಯ್ ಅನ್ನಿಸುತ್ತದೆ. ದಪ್ಪ ಕಲ್ಲು ರಾತ್ರಿಯ ತಂಪನ್ನು ಹಿಡಿದಿಟ್ಟುಕೊಂಡು ಹಗಲಿಗೆ ಬಿಡುತ್ತದೆ. ನಮ್ಮ ಹಳೆಯ ಮಣ್ಣಿನ ಮಾಳಿಗೆ ಮನೆಗಳದ್ದೂ ಇದೇ ಗುಣ.

ಅಡುಗೆಮನೆಗೆ ಬೇಕಾದದ್ದು ಮಾತ್ರ ಇದರ ಉಲ್ಟಾ: ಹಗಲಿನ ತಂಪು ರಾತ್ರಿಗೆ ಉಳಿಯಬೇಕು.

ನಮ್ಮ ಊಟಕ್ಕೆ ಫ್ರಿಜ್ ಬೇಕೇ ಬೇಕು ಅಂತೇನಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹಲವು ದಿನ ಇಟ್ಟರೂ ಕೆಡುವುದಿಲ್ಲ. ತೊಂದರೆ ಹಾಲಿನದು, ಉಳಿದ ಪಲ್ಯದ್ದು. ಸಕ್ಕರೆ ಕಾಯಿಲೆಯವರಿದ್ದರೆ ಇನ್ಸುಲಿನ್ನಿನದು. ಸಂಜೆ ಗಾಳಿ-ಮಳೆ ಎದ್ದು ಕಂಬ ಬಿತ್ತೋ, ಬೆಳತನಕ ಕತ್ತಲೆ. ಬಾಗಿಲು ತೆಗೆಯದೆ ಇಟ್ಟರೂ ಫ್ರಿಜ್ಜಿನ ತಂಪು ಸುಮಾರು 4 ತಾಸಿನ ಮಾತು.

ಬಿಸಿಲಿಗೇನು ಬರವೇ, ಸೋಲಾರ್ ಹಾಕಿಸಿದರಾಯಿತು ಅಂತೀರಿ. ಸರಿ. 2024ರಲ್ಲಿ ಶುರುವಾದ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನವಿದೆ. ಆದರೆ ಒಂದು ಮಾತು ಮೊದಲೇ ಕೇಳಿಕೊಳ್ಳಿ. ಬ್ಯಾಟರಿ ಇಲ್ಲದೆ ಬರೀ ಲೈನಿಗೆ ಜೋಡಿಸುವ ಸೋಲಾರು, ಲೈನು ಹೋದ ಕೂಡಲೇ ತಾನೂ ನಿಲ್ಲುತ್ತದೆ, ಹಗಲಾದರೂ ಸರಿ. ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದಲ್ಲ! ಬ್ಯಾಟರಿ ಹಾಕಿಸಿದರೆ ನಡೆಯುತ್ತದೆ, ಆದರೆ ದುಬಾರಿ. ಕೆಲವು ವರ್ಷಕ್ಕೆ ಬದಲಾಯಿಸಲೂ ಬೇಕು. ಫ್ರಿಜ್ ಶುರುವಾಗುವ ಗಳಿಗೆಯಲ್ಲಿ ಹಲವು ಪಟ್ಟು ಕರೆಂಟು ಎಳೆಯುವುದರಿಂದ ಸಣ್ಣ ಇನ್ವರ್ಟರ್ ತಡೆಯುವುದಿಲ್ಲ.

ಇದಕ್ಕೆ ಉಪಾಯ ಸರಕಾರಿ ದವಾಖಾನೆಯಲ್ಲೇ ಇದೆ ನೋಡ್ರಿ. ಮಕ್ಕಳ ಲಸಿಕೆ ಇಡುವ ಪೆಟ್ಟಿಗೆಯ ಗೋಡೆಯೊಳಗೆ ನೀರು ತುಂಬಿರುತ್ತಾರೆ. ಕರೆಂಟಿದ್ದಾಗ ಅದು ಬರ್ಫವಾಗುತ್ತದೆ. ದಿನಕ್ಕೆ 8 ತಾಸು ಕರೆಂಟು ಸಿಕ್ಕರೂ ಲಸಿಕೆ 2ರಿಂದ 8 ಡಿಗ್ರಿಯಲ್ಲೇ ಉಳಿಯುತ್ತದೆ. ನೇರ ಬಿಸಿಲಿನ ಮೇಲೇ, ಬ್ಯಾಟರಿ ಇಲ್ಲದೆ ನಡೆಯುವ ಇಂಥ ಪೆಟ್ಟಿಗೆಗಳೂ ಬಂದಿವೆ. ಪುಣೆಯ ಇಕೋಜೆನ್ ಕಂಪನಿಯವರು ಇದೇ ಉಪಾಯದಲ್ಲಿ ಕಾಯಿಪಲ್ಯೆ, ಹಣ್ಣು ಇಡುವ 5 ಟನ್ನಿನ ಸೋಲಾರ್ ಕೋಣೆ ಮಾಡಿದ್ದಾರೆ. ಅಂದರೆ ಕೂಡಿಡುವುದು ಕರೆಂಟನ್ನಲ್ಲ, ತಂಪನ್ನೇ. ಒಂದು ಕಿಲೋ ಬರ್ಫ ಕರಗಲು ಎಳೆದುಕೊಳ್ಳುವ ಶಾಖದಲ್ಲಿ ಒಂದು ಕಿಲೋ ತಣ್ಣೀರನ್ನು 80 ಡಿಗ್ರಿಯವರೆಗೆ ಕಾಯಿಸಬಹುದಂತೆ!

ಮನೆಯಲ್ಲಿ ಹೀಗೆ ಮಾಡಿ. ಒಂದು ಲೀಟರಿನ ನಾಲ್ಕೈದು ಪ್ಲಾಸ್ಟಿಕ್ ಬಾಟಲಿಗೆ ಕುತ್ತಿಗೆಯಿಂದ ನಾಲ್ಕು ಬೆರಳು ಕೆಳಗಿನವರೆಗೆ ನೀರು ತುಂಬಿ, ಫ್ರೀಜರಿನಲ್ಲಿ ಇಡಿ. ಗಟ್ಟಿಯಾದಾಗ ನೀರು ಉಬ್ಬುತ್ತದೆ, ಅದಕ್ಕೇ ಆ ಜಾಗ. ಸೋಲಾರಿದ್ದರೆ ಹಗಲು ಹತ್ತರಿಂದ ನಾಲ್ಕರೊಳಗೆ ಆ ಕೆಲಸವಾಗಲಿ. ಮೇಲೆ ಫ್ರೀಜರ್ ಇರುವ ಒಂದೇ ಬಾಗಿಲಿನ ಹಳೆಯ ಫ್ರಿಜ್ಜಿನಲ್ಲಿ ತಂಪು ತಾನೇ ಕೆಳಗಿಳಿಯುತ್ತದೆ. ಎರಡು ಬಾಗಿಲಿನ, ಬರ್ಫ ಕಟ್ಟದ ನಮೂನೆಯದರಲ್ಲಿ ತಂಪು ಇಳಿಸುವುದು ಒಳಗಿನ ಫ್ಯಾನು. ಕರೆಂಟು ಹೋದರೆ ಅದೂ ನಿಂತಿತು. ಆಗ ಎರಡು ಮೂರು ಬಾಟಲಿ ತೆಗೆದು ಕೆಳಗೆ ಮೇಲಿನ ತಟ್ಟೆಯ ಮೇಲಿಟ್ಟು, ಹಾಲಿನ ಪಾತ್ರೆಯನ್ನು ಅವಕ್ಕೆ ತಾಗಿಸಿಡಿ. ಮೇಲಿಂದ ಮೇಲೆ ಬಾಗಿಲು ತೆಗೆದರೆ ಎಲ್ಲ ವ್ಯರ್ಥ. ನಮ್ಮ ಮಕ್ಕಳಿಗೆ ಇದನ್ನು ಹೇಳಿ ಹೇಳಿ ಸಾಕಾಯಿತು. ಬಿಸಿ ಸಾರು ಒಳಗಿಡುವ ಚಟವಿದ್ದರೆ ಬಿಡಿ. ಫ್ರಿಜ್ಜಿನ ಥರ್ಮಾಮೀಟರ್ ಒಂದು ಒಳಗಿದ್ದರೆ ಊಹೆ ತಪ್ಪುತ್ತದೆ. 5 ಡಿಗ್ರಿಯೊಳಗಿದ್ದರೆ ಚಿಂತೆಯಿಲ್ಲ.

ಇನ್ಸುಲಿನ್ ಮಾತ್ರ ಬಾಟಲಿಗಳ ಹತ್ತಿರ ಇಡಬೇಡಿ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದ ಮೇಲೆ ನೋಡಲು ಮೊದಲಿನಂತೇ ಕಂಡರೂ ಔಷಧದ ಕೆಲಸ ಮಾಡುವುದಿಲ್ಲ. ಅದರ ಜಾಗ ಎಲ್ಲಕ್ಕಿಂತ ಕೆಳಗಿನ ಅಂಕಣದಲ್ಲಿ, ಒಂದು ಡಬ್ಬಿಯೊಳಗೆ, ಬಟ್ಟೆ ಸುತ್ತಿ.