ಹಾಡಾಂವ ಇನ್ನೂ ಬಂದಿಲ್ಲೇನು?

ಕ್ರಾಯ್ಡನ್ ಎಂದರೆ ಲಂಡನ್ನಿನವರೇ ಮೂಗು ಮುರಿಯುತ್ತಾರೆ. ಕಾಂಕ್ರೀಟು, ಟ್ರಾಮು, ಮೇಲುಸೇತುವೆ ಬಿಟ್ಟರೆ ಅಲ್ಲೇನಿದೆ ಎಂಬುದು ಅವರ ಅಂಬೋಣ. ನಮ್ಮ ಕಡೆಯಿಂದ ಕಂಪ್ಯೂಟರ್ ಕೆಲಸಕ್ಕೆ ಹೋದವರಿಗೆ ಅದು ಲೂನಾರ್ ಹೌಸ್ ಇರುವ ಊರು, ಅಂದರೆ ಆಗ ವೀಸಾ ಕಾಗದಪತ್ರ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದ ಜಾಗ. ಅದು ಬಿಟ್ಟರೆ ಸರ್ರೆ ಸ್ಟ್ರೀಟಿನ ಸಂತೆ. 1276ರಲ್ಲಿ ಸನದು ಪಡೆದ ಆ ಸಂತೆಯಲ್ಲಿ ಪೌಂಡಿಗೊಂದು ಬೋಗುಣಿ ತರಕಾರಿಯನ್ನು ಚೀಲಕ್ಕೆ ಸುರಿದು ಕೊಡುತ್ತಿದ್ದರು. ನಾನು ಹಸಿಮೆಣಸಿನಕಾಯಿ ಆರಿಸುತ್ತಿದ್ದ ಆ ಬೀದಿಯಲ್ಲೇ ಬಿಗ್ ಆಪಲ್ ಎಂಬ ರೆಕಾರ್ಡ್ ಅಂಗಡಿ ಇತ್ತೆಂದೂ, 2004ರಲ್ಲಿ ಅದು ಬಾಗಿಲು ಹಾಕುವ ಮೊದಲು ಡಬ್‌ಸ್ಟೆಪ್ ಎಂಬ ಹೊಸ ಸಂಗೀತ ಅದರ ಗಲ್ಲಾದ ಆಚೀಚೆಯೇ ಕಣ್ಣು ಬಿಟ್ಟಿತ್ತೆಂದೂ ನನಗೇನು ಗೊತ್ತು?

ಹೇಳಿದವನು ಆಫೀಸಿನಲ್ಲಿ ಪಕ್ಕದ ಮೇಜಿನ ಹುಡುಗ. ಅಲ್ಲಿಯೇ ಹುಟ್ಟಿ ಬೆಳೆದವನು, ತನ್ನೂರನ್ನು ಯಾರಾದರೂ ಆಡಿಕೊಂಡರೆ ಸಹಿಸುವವನಲ್ಲ. ನಿಮ್ಮ ಊರಲ್ಲಿ ಏನಿದೆ ಮಣ್ಣು ಎಂದು ನಾನು ಅಂದದ್ದೇ ತಡ, ಮಾತಿಲ್ಲದೆ ತನ್ನ ದಪ್ಪ ಹೆಡ್‌ಫೋನನ್ನು ನನ್ನ ಕಿವಿಗೆ ಏರಿಸಿದ. ಸ್ಕ್ರೀಮ್ ಎಂಬ ಕ್ರಾಯ್ಡನ್ ಹುಡುಗ 2005ರಲ್ಲಿ ಹೊರತಂದಿದ್ದ ‘ಮಿಡ್‌ನೈಟ್ ರಿಕ್ವೆಸ್ಟ್ ಲೈನ್’. ಸಿಂಥಸೈಜರಿನ ಕೆಲವೇ ಸ್ವರಗಳು ಏರಿಳಿಯುತ್ತ ಸುತ್ತು ಹಾಕುತ್ತವೆ, ತುಸು ಹೊತ್ತಿಗೆ ಅದೇ ಸುತ್ತು ಶ್ರುತಿ ಬದಲಿಸುತ್ತದೆ. ಅದರಡಿಯಲ್ಲಿ ಇನ್ನೇನೋ ನಡೆದಿರುತ್ತದೆ. ಅದು ಕಿವಿಗೆ ಕೇಳಿಸಿತು ಅನ್ನುವುದಕ್ಕಿಂತ ದವಡೆಗೆ ಗೊತ್ತಾಯಿತು ಅನ್ನಬೇಕು.

ಲೆಕ್ಕ ಸರಳ. ವೇಗ ನಿಮಿಷಕ್ಕೆ ಸುಮಾರು 140 ಬಡಿತ, ಕುಣಿಯುವವರಿಗೆ ಹೇಳಿ ಮಾಡಿಸಿದ್ದು. ಆದರೆ ಸ್ನೇರ್ ಡ್ರಮ್ಮಿನ ಪೆಟ್ಟು ನಾಲ್ಕರಲ್ಲಿ ಮೂರನೆಯ ಎಣಿಕೆಗೆ ಮಾತ್ರ ಬೀಳುತ್ತದೆ. ಹೀಗಾಗಿ 140 ಇದ್ದದ್ದು 70 ಅನಿಸತೊಡಗುತ್ತದೆ. ಮೇಲೆ ಹೈ-ಹ್ಯಾಟ್ ಚುಟುಚುಟು ಓಡುತ್ತಿದ್ದರೆ, ಕೆಳಗೆ ಬೇಸ್ ಮಗ್ಗುಲು ಬದಲಿಸಲೂ ಅವಸರಪಡುವುದಿಲ್ಲ. ಧಾರವಾಡದಲ್ಲಿ ಬೆಳೆದ ನನಗೆ ವಿಲಂಬಿತವೂ ಹೊಸದಲ್ಲ, ದ್ರುತವೂ ಹೊಸದಲ್ಲ. ಎರಡೂ ಒಟ್ಟಿಗೇ ನಡೆಯುವುದನ್ನು ಕೇಳಿದ್ದು ಮಾತ್ರ ಅದೇ ಮೊದಲು. ಯಾವುದನ್ನು ಹಿಡಿಯಬೇಕೆಂದು ತಿಳಿಯದೆ ಕಾಲು ಸುಮ್ಮನಾಯಿತು. ಆ ಮೂರನೆಯ ಪೆಟ್ಟು ಬರುತ್ತದೆಂದು ಗೊತ್ತು, ಆದರೂ ಕಾಯಿಸಿಯೇ ಬರುತ್ತದೆ. ನನ್ನ ಮಟ್ಟಿಗೆ ಡಬ್‌ಸ್ಟೆಪ್ಪಿನ ಸುಖವೆಲ್ಲ ಆ ಕಾಯುವುದರಲ್ಲಿದೆ.

ಡಬ್‌ಸ್ಟೆಪ್ ಹುಟ್ಟುವುದಕ್ಕೂ ಮುಂಚೆ ಲಂಡನ್ನಿನ ಕ್ಲಬ್ಬುಗಳಲ್ಲಿ ಗ್ಯಾರಾಜ್ ಸಂಗೀತದ ಭರಾಟೆಯಿತ್ತು. ಇಸ್ತ್ರಿ ಮಾಡಿದ ಅಂಗಿ, ಶಾಂಪೇನು, ಪ್ರೇಮದ ಹಾಡು. ಬಿಗ್ ಆಪಲಿನ ಗಲ್ಲಾದ ಹಿಂದೆ ಹ್ಯಾಚಾ ಎಂಬ ಡಿಜೆ, ಮುಂದೆ ಠಿಕಾಣಿ ಹೂಡಿದ್ದ ಹದಿಹರೆಯದ ಸ್ಕ್ರೀಮ್, ಬೆಂಗಾ ಮುಂತಾದ ಹುಡುಗರು. ಇವರೆಲ್ಲ ಸೇರಿ ಗ್ಯಾರಾಜಿನಿಂದ ಹಾಡುಗಾರರನ್ನು ಎತ್ತಿ ಹೊರಗಿಟ್ಟರು. ಉಳಿದದ್ದು ತಾಳ, ಬೇಸ್ ಮತ್ತು ಖಾಲಿ ಜಾಗ. ಇದೇನು ಅವರ ಸ್ವಂತ ಉಪಾಯವಲ್ಲ. 1970ರ ದಶಕದಲ್ಲಿ ಜಮೈಕಾದ ಕಿಂಗ್ ಟಬ್ಬಿ ರೆಗೆ ಹಾಡುಗಳಿಂದ ದನಿಯನ್ನು ಇಳಿಸಿ, ಡ್ರಮ್ಮು ಬೇಸುಗಳಿಗೆ ಪ್ರತಿಧ್ವನಿ ಸೇರಿಸಿ ಡಬ್ ಮಾಡಿದ್ದ. ಜಮೈಕಾದಿಂದ ವಲಸೆ ಬಂದವರು ಆಳೆತ್ತರದ ಸ್ಪೀಕರುಗಳ ಸಮೇತ ಆ ಪದ್ಧತಿಯನ್ನು ದಕ್ಷಿಣ ಲಂಡನ್ನಿಗೆ ತಂದಿದ್ದರು. ಸಂಗೀತದಲ್ಲಿ ಸೇರಿಸುವವರನ್ನು ನಾವು ಬೇಕಾದಷ್ಟು ಹೊಗಳಿದ್ದೇವೆ, ತೆಗೆಯುವವರಿಗೂ ಒಂದು ಶಾಲು ಹೊದಿಸಬೇಕು.

ಹೆಡ್‌ಫೋನಿನಲ್ಲಿ ಕೇಳಿದ್ದು ಕೇಳಿದ್ದೇ ಅಲ್ಲವೆಂದು ಆ ಹುಡುಗ ನನ್ನನ್ನು ಬ್ರಿಕ್ಸ್‌ಟನ್ನಿಗೆ ಕರೆದೊಯ್ದ. ಸೇಂಟ್ ಮ್ಯಾಥ್ಯೂಸ್ ಚರ್ಚಿನ ಕಟ್ಟಡದೊಳಗೊಂದು ಕ್ಲಬ್ಬು. ಮಾಲಾ, ಕೋಕಿ, ಲೋಫಾ, ಸಾರ್ಜೆಂಟ್ ಪೋಕ್ಸ್ ಎಂಬವರು 2005ರಲ್ಲಿ ಶುರುಮಾಡಿದ ಡಿಎಂಜಡ್ ಎಂಬ ಡಬ್‌ಸ್ಟೆಪ್ ರಾತ್ರಿ ಅಲ್ಲಿ ನಡೆಯುತ್ತಿತ್ತು. ಬೇಸಿನ ಭಾರದ ಮೇಲೆ ಧ್ಯಾನ ಮಾಡಲು ಬನ್ನಿ ಎಂಬುದು ಅವರ ಕರೆ. ಚರ್ಚು, ಧ್ಯಾನ, ಕತ್ತಲೆ. ಮನೆಗೆ ಫೋನು ಮಾಡಿ ಹೇಳಿದ್ದರೆ ಸತ್ಸಂಗಕ್ಕೆ ಹೋಗಿದ್ದಾನೆಂದು ಸಂತೋಷಪಡುತ್ತಿದ್ದರು. ಒಳಗೆ ಅಂಗಿಯ ತೋಳು ತಾನಾಗಿಯೇ ನಡುಗುತ್ತಿತ್ತು. ಕೈಯಲ್ಲಿದ್ದ ಪ್ಲಾಸ್ಟಿಕ್ ಲೋಟದ ನೀರಿನ ಮೇಲೆ ಸಣ್ಣ ಸಣ್ಣ ಬಳೆಗಳು ಮೂಡಿ ಅಳಿಯುತ್ತಿದ್ದವು. ಮೂಗಿನ ತುದಿಯಲ್ಲಿ ಕಚಗುಳಿ. 50 ಹರ್ಟ್ಸಿನ ಸ್ವರದ ಒಂದೊಂದು ಅಲೆಯೂ ಗಾಳಿಯಲ್ಲಿ ಸುಮಾರು 7 ಮೀಟರ್ ಉದ್ದವಿರುತ್ತದೆ. ಅಷ್ಟುದ್ದದ ಅಲೆಗೆ ನನ್ನ ಕಿವಿ ಯಾವ ಲೆಕ್ಕ, ಅದು ಮೈಯನ್ನೇ ಹಿಡಿದುಕೊಂಡಿತ್ತು. ಸುತ್ತಲಿನವರೂ ಕುಣಿಯುತ್ತಿದ್ದರೆನ್ನುವುದಕ್ಕಿಂತ ಕಣ್ಣು ಮುಚ್ಚಿ ತೂಗುತ್ತಿದ್ದರು.

ಒಂದು ಬೇಸ್ ಬಿದ್ದ ಹೊತ್ತಿಗೆ ಜನ ಕೂಗೆಬ್ಬಿಸಿದರು, ಗೋಡೆ ಬಡಿದರು. ಡಿಜೆ ತಟ್ಟೆಯನ್ನು ಹಿಂದಕ್ಕೆ ತಿರುಗಿಸಿ ಮೊದಲಿನಿಂದ ಹಾಕಿದ. ಇದಕ್ಕೆ ರಿವೈಂಡ್ ಅನ್ನುತ್ತಾರಂತೆ. ನಮ್ಮ ಕಂಪನಿ ನಾಟಕಗಳಲ್ಲಿ ‘ವನ್ಸ್ ಮೋರ್’ ಬಿದ್ದರೆ ಸತ್ತ ಪಾತ್ರವೂ ಎದ್ದು ಕೂತು ಹಾಡಿ ಮತ್ತೆ ಸಾಯುತ್ತಿತ್ತಲ್ಲ, ಥೇಟ್ ಹಾಗೆಯೇ. ಆ ಜನ ಅಷ್ಟು ಹಸಿದಿದ್ದಕ್ಕೆ ಕಾರಣವೂ ಇತ್ತು. ಅಲ್ಲಿ ನುಡಿಯುತ್ತಿದ್ದ ಎಷ್ಟೋ ರಚನೆಗಳು ಅಂಗಡಿಗೆ ಬಂದಿರುತ್ತಿರಲಿಲ್ಲ. ಫಾರೆಸ್ಟ್ ಹಿಲ್ಲಿನ ಟ್ರಾನ್ಸಿಶನ್ ಸ್ಟುಡಿಯೊಗೆ ಹೋಗಿ ಒಂದೊಂದೇ ಅಸಿಟೇಟ್ ತಟ್ಟೆ, ಅಂದರೆ ಡಬ್‌ಪ್ಲೇಟ್, ಕೊರೆಸಿಕೊಂಡು ಬರುತ್ತಿದ್ದರು. ನುಡಿಸಿದಂತೆಲ್ಲ ಅದು ಸವೆಯುತ್ತದೆ. ಕೇಳಬೇಕೆಂದರೆ ಆ ರಾತ್ರಿ ಅಲ್ಲಿರಬೇಕು.

ಇದೇ ವಂಶದವನಾದರೂ ಬರಿಯಲ್ ಎಂಬವನು ಬೇರೆಯೇ ಜಾತಿ. 2007ರಲ್ಲಿ ಬಂದ ಅವನ ‘ಅನ್‌ಟ್ರೂ’ ನಾನು ರಾತ್ರಿ ಬಸ್ಸಿನಲ್ಲಿ ಕೇಳಿದ್ದು. ರೆಕಾರ್ಡಿನ ಚರಚರ, ಮಳೆಯ ಸದ್ದು, ಹೆಣ್ಣೋ ಗಂಡೋ ತಿಳಿಯದಂತೆ ಶ್ರುತಿ ತಿರುಚಿದ ದನಿಗಳು. ಆತ ಯಾರೆಂಬುದೇ ಆಗ ಗುಟ್ಟು. 2008ರಲ್ಲಿ ತಾನೇ ವಿಲಿಯಂ ಬೆವನ್ ಎಂದು ಹೆಸರು ಹೇಳಿಕೊಂಡ. ಈ ಸಂಗೀತದಿಂದ ಒಂದೇ ಆಲ್ಬಮ್ ಉಳಿಯುವುದಾದರೆ ಅದು ಇದೇ.

ರಜೆಗೆ ಧಾರವಾಡಕ್ಕೆ ಬಂದಾಗ ಅವ್ವನಿಗೂ ಕೇಳಿಸಿದೆ. ಮಲ್ಲಿಕಾರ್ಜುನ ಮನ್ಸೂರರನ್ನು ಎದುರು ಕೂತು ಕೇಳಿದವಳು. ಕೈಯಲ್ಲಿದ್ದ ಮೆಂತ್ಯೆ ಸೊಪ್ಪು ಬಿಡಿಸುವುದು ಮುಗಿಯುವ ತನಕ ತಾಳ್ಮೆಯಿಂದ ಕೇಳಿ, “ಅಲ್ಲೋ ತಮ್ಮಾ, ಆವಾಗಿಂದ ಬರೇ ಢಮ್ ಢಮ್ ಅನ್ನಾಕ್ಹತ್ತೈತಿ. ಹಾಡಾಂವ ಇನ್ನೂ ಬಂದಿಲ್ಲೇನು?” ಅಂದಳು. ಡಬ್‌ಸ್ಟೆಪ್ಪಿನ ಬಗ್ಗೆ ಇದಕ್ಕಿಂತ ಸರಿಯಾದ ವಿಮರ್ಶೆಯನ್ನು ನಾನು ಓದಿಲ್ಲ.

ಇವತ್ತಿನ ಹುಡುಗರಿಗೆ ಡಬ್‌ಸ್ಟೆಪ್ ಎಂದರೆ ಅಮೆರಿಕದ ಸ್ಕ್ರಿಲೆಕ್ಸ್. 2010ರ ‘ಸ್ಕೇರಿ ಮಾನ್‌ಸ್ಟರ್ಸ್ ಆ್ಯಂಡ್ ನೈಸ್ ಸ್ಪ್ರೈಟ್ಸ್’ ಅವನಿಗೆ 2012ರಲ್ಲಿ ಗ್ರ್ಯಾಮಿಗಳನ್ನೇ ತಂದುಕೊಟ್ಟಿತು. ಅವನ ಬೇಸ್ ಆಳದಿಂದ ಎದ್ದು ಮಧ್ಯದ ಸ್ಥಾಯಿಗೆ ಬಂದು ಗುರುಗುಟ್ಟುತ್ತದೆ, ಆದ್ದರಿಂದ ಲ್ಯಾಪ್‌ಟಾಪಿನಲ್ಲೂ ಚೆನ್ನಾಗಿಯೇ ಕೇಳುತ್ತದೆ. ಜಗತ್ತೆಲ್ಲ ಹಬ್ಬಿದ್ದಕ್ಕೆ ಅದೂ ಒಂದು ಕಾರಣವಿರಬೇಕು. ಕೆಟ್ಟದ್ದೆಂದು ನಾನು ಹೇಳಲಾರೆ, ಕೈಚಳಕ ದೊಡ್ಡದೇ. ಆದರೆ ಅದು ಯಾರನ್ನೂ ಕಾಯಿಸುವುದಿಲ್ಲ. ನನಗೆ ಬೇಕಾದದ್ದು ಕಾಯಿಸುವ ಡಬ್‌ಸ್ಟೆಪ್.

ಕೇಳುವ ಮನಸ್ಸಾದರೆ ದಯವಿಟ್ಟು ಮೊಬೈಲಿನ ಸ್ಪೀಕರಿನಲ್ಲಿ ಹಾಕಬೇಡಿ. ಆಳದ ಬೇಸ್ ಅದರಲ್ಲಿ ಹೊರಡುವುದೇ ಇಲ್ಲ, ಬರೀ ಚುಟುಚುಟು ಸಿಗುತ್ತದೆ. ಒಳ್ಳೆಯ ಹೆಡ್‌ಫೋನಿದ್ದರೆ ‘ಅನ್‌ಟ್ರೂ’ವಿನಿಂದ ಶುರುಮಾಡಿ. ಸಬ್‌ವೂಫರ್ ಇದ್ದರೆ ಡಿಜಿಟಲ್ ಮಿಸ್ಟಿಕ್ಸ್, ಅಂದರೆ ಅದೇ ಮಾಲಾ ಮತ್ತು ಕೋಕಿ ಜೋಡಿಯ ‘ಆಂಟಿ ವಾರ್ ಡಬ್’ ಹಾಕಿ. ಆದರೆ ಕೆಳಗಿನ ಮನೆಯವರು ಊರಿಗೆ ಹೋದ ದಿನ ನೋಡಿಕೊಂಡು.